ನೋಟ್‌ಬುಕ್ಕು ಒಪ್ಪಿಸುವ ಮೊದಲು

ಬೆಳಗಾವಿಯಲ್ಲಿರುವ ಎನ್‌ಡಿಎ (ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹಳಬರ ಸುದ್ದಿ ಕಲೆಹಾಕಿ ತಿಂಗಳಿಗೊಂದು ಪತ್ರ ಬರೆಯುವ ಕೆಲಸ ಒಂಬತ್ತು ವರ್ಷದಿಂದ ನನ್ನ ಹೆಗಲಿಗಿತ್ತು. ಇನ್ನು ಮುಂದೆ ನಿನ್ನದು. ನೀನು ನನಗಿಂತ ಹನ್ನೆರಡು ಕೋರ್ಸ್, ಅಂದರೆ ಹನ್ನೆರಡು ಬ್ಯಾಚ್ ಕಿರಿಯ, ಬೇಡ ಅನ್ನುವ ಹಾಗಿಲ್ಲ. ಬೇರೆ ಊರಲ್ಲಿ ಇಂಥ ಬಳಗ ನಡೆಸುವವರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಪಟ್ಟಿ. ಮೊಬೈಲಿನಲ್ಲಿ ಬೇಡ, ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ. ಒಬ್ಬರಿಗೆ ಒಂದು ಪೂರ್ತಿ ಪುಟ. ಹೆಸರು, ಕೋರ್ಸ್ ನಂಬರ್, ಸ್ಕ್ವಾಡ್ರನ್ (ಅಕಾಡೆಮಿಯಲ್ಲಿ ಒಟ್ಟಿಗೆ ಇದ್ದ ಕೆಡೆಟ್‌ಗಳ ತಂಡ), ರಕ್ತದ ಗುಂಪು. ಹುದ್ದೆ ಕೊನೆಗೆ. ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಮಗ ಅಥವಾ ಮಗಳ ಫೋನು. ಮನೆಯ ಎರಡನೇ ಕೀಲಿ ಯಾವ ನೆರೆಮನೆಯಲ್ಲಿದೆ ಅನ್ನುವುದು. ಇಲ್ಲಿನ ಮರಾಠಾ ರೆಜಿಮೆಂಟಿನ ಸೆಂಟರಿಗೋ ಸಾಂಬ್ರಾ ವಾಯುನೆಲೆಗೋ ವರ್ಗವಾಗಿ ಬಂದವರ ಪುಟ ಪೆನ್ಸಿಲಿನಲ್ಲಿ ಬರಿ. ಎರಡು-ಮೂರು ವರ್ಷಕ್ಕೆ ಗಂಟು ಕಟ್ಟುತ್ತಾರೆ.

ಹೆಂಡತಿಯ ಹೆಸರು ಎರಡು ಸಲ ಬರಿ: ಆಧಾರ್‌ನಲ್ಲಿ ಇದ್ದ ಹಾಗೆ ಒಮ್ಮೆ, ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಇದ್ದ ಹಾಗೆ ಇನ್ನೊಮ್ಮೆ. ಯಾಕೆಂದು ಹೇಳುತ್ತೇನೆ. ಟಿಳಕವಾಡಿಯ ಒಬ್ಬ ಹಿರಿಯರು ತೀರಿಕೊಂಡ ಹದಿನೈದು ದಿನಕ್ಕೆ ಅವರ ಮನೆಗೆ ಹೋಗಿದ್ದೆ. ಅವ್ವಾರು ಮಂಚದ ಕೆಳಗಿನಿಂದ ಕರಿ ಟ್ರಂಕು ಎಳೆಸಿದರು. ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು ಅರ್ಧ ಅಳಿಸಿತ್ತು. ಹಳೇ ಪೇಪರಿನಲ್ಲಿ ಸುತ್ತಿಟ್ಟ ಮೆಡಲ್ಲುಗಳು, ನ್ಯಾಫ್ತಲೀನ್ ವಾಸನೆ, ತಳದಲ್ಲಿ ಪಿಪಿಒ. ಅದರಲ್ಲಿ ಇದ್ದದ್ದು ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಬರೆದ ಹೆಸರು. ಆಧಾರ್‌ನಲ್ಲಿ ಇದ್ದದ್ದು ತವರಿನ ಹೆಸರು. "ನಾ ಇಬ್ಬರೇನ್ರೀ?" ಅಂದರು ಅವ್ವಾರು. ಕುಟುಂಬ ಪಿಂಚಣಿ ಕೈಗೆ ಬರಲು ಏಳು ತಿಂಗಳು ಓಡಾಡಿದೆವು. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ನಮ್ಮ ಕಡೆ ಎಷ್ಟು ಮನೆಯಲ್ಲಿದೆ ಅನ್ನುವುದು ನಿನಗೂ ಗೊತ್ತು. ಗಂಡ ಬದುಕಿದ್ದಾಗ ಅವನ ಸಹಿಯಿಂದಲೇ ಇದನ್ನು ತಿದ್ದಿಸಬೇಕು. ಹಾಗಾಗಿ ಹೊಸಬರು ಬಂದರೆ ಚಹಾ ಕುಡಿಯುವಾಗಲೇ ಕೇಳಿಬಿಡು. ನಾಚಿಕೆ ಬೇಡ.

ಈ ಕಾಲಮ್ಮಿಗೆ ನಾನು "ಹೆಂಡತಿ" ಅಂತಲೇ ತಲೆಬರಹ ಕೊಟ್ಟಿದ್ದೆ. 2022ರಲ್ಲಿ ಅಕಾಡೆಮಿಗೆ ಹುಡುಗಿಯರು ಸೇರಿದರು. 2025ರ ಮೇ 30ರಂದು 17 ಜನ ಪಾಸಾಗಿ ಹೊರಬಂದರು. ಅವರಲ್ಲೊಬ್ಬಳು ನಾಳೆ ಬೆಳಗಾವಿಗೆ ಬಂದರೆ? ಹೊಡೆದುಹಾಕಿ "ಮನೆಯವರು" ಎಂದು ಬರೆದಿದ್ದೇನೆ.

ಇನ್ನು ಸುದ್ದಿ. ನಾಲ್ಕು ವರ್ಷದ ಹಿಂದೆ ನಾನು ಬದುಕಿದ್ದವರೊಬ್ಬರಿಗೆ ಶ್ರದ್ಧಾಂಜಲಿ ಬರೆದೆ. ನಮ್ಮ ಪಟ್ಟಿಯಲ್ಲಿ ನಾಲ್ವರು ಪಾಟೀಲರಿದ್ದಾರೆ. ರಾತ್ರಿ ಹತ್ತಕ್ಕೆ ಯಾರೋ ಕಳಿಸಿದ ವಾಟ್ಸಾಪ್ ಸಂದೇಶ ನೋಡಿ ಎಲ್ಲರಿಗೂ ದಾಟಿಸಿದೆ. ಬೆಳಗ್ಗೆ ಏಳಕ್ಕೆ ಫೋನು: "ಏನಪಾ, ನನ್ನ ದಿನಾ ಯಾವಾಗ ಇಟ್ಟಿ? ಊಟಕ್ಕರ ಕರೀತಿಯೋ ಇಲ್ಲೋ?" ಅವರು ನಕ್ಕರು. ಅವರ ಮನೆಯವರು ಮಾತ್ರ ಇವತ್ತಿಗೂ ನನ್ನ ಸಂಗಡ ಸರಿಯಾಗಿ ಮಾತಾಡುವುದಿಲ್ಲ. ಅಂದಿನಿಂದ ಕೋರ್ಸ್ ನಂಬರ್ ಮತ್ತು ಸ್ಕ್ವಾಡ್ರನ್ ಎರಡೂ ತಾಳೆಯಾಗಿ, ಆ ಮನೆಯವರ ದನಿ ನನ್ನ ಕಿವಿಗೆ ಬೀಳುವವರೆಗೆ ಒಂದಕ್ಷರ ಬರೆಯುವುದಿಲ್ಲ. ನೀನೂ ಬರೆಯಬೇಡ. ಎರಡು ತಾಸು ತಡವಾದರೆ ಯಾರ ಗಂಟೂ ಹೋಗುವುದಿಲ್ಲ.

ಪತ್ರದಲ್ಲಿ ಕಾಯಿಲೆಯ ಸುದ್ದಿ ಮೊದಲು, ಬಡ್ತಿಯ ಸುದ್ದಿ ಕೊನೆಗೆ. ಯಾರು ಮೊಣಕಾಲು ಬದಲಿಸಿಕೊಂಡರು, ಯಾರಿಗೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿಗೆ ಗಾಡಿ ಬೇಕು ಅನ್ನುವುದನ್ನು ಓದಿದವನು ಏನಾದರೂ ಮಾಡಬಲ್ಲ. ಮೊಮ್ಮಗನ ಮಾರ್ಕ್ಸ್ ಓದಿ ಏನು ಮಾಡುತ್ತಾನೆ? ಮಗನ ಯೂನಿಟ್ಟು ಎಲ್ಲಿಗೆ ಹೋಯಿತೆಂದು ಹೆಮ್ಮೆಯಿಂದ ಹೇಳುವವರಿರುತ್ತಾರೆ. ಕೇಳಿಸಿಕೋ, ಬರೆಯಬೇಡ. ಗಂಡ ಹೋದ ಮೇಲೂ ಆ ಮನೆಗೆ ಪತ್ರ ನಿಲ್ಲಬಾರದು. ವಿಳಾಸದಲ್ಲಿ ಅವ್ವಾರ ಸ್ವಂತ ಹೆಸರಿರಲಿ.

ಊಟ ಎರಡನೇ ರವಿವಾರ, ಮಧ್ಯಾಹ್ನ. ರಾತ್ರಿ ಗಾಡಿ ಓಡಿಸಲು ಅರ್ಧ ಜನಕ್ಕೆ ಕಣ್ಣು ಕಾಣುವುದಿಲ್ಲ, ಜುಲೈ ಮಳೆಯಲ್ಲಂತೂ ಕೇಳಲೇಬೇಡ. ಜನವರಿಯಲ್ಲಿ ಮಾತ್ರ ಮೂರನೇ ರವಿವಾರಕ್ಕೆ ದೂಡು. 14ಕ್ಕೆ ಮಾಜಿ ಸೈನಿಕರ ದಿನ, 15ಕ್ಕೆ ಸೇನಾ ದಿನ, 16 ನಮ್ಮ ಅಕಾಡೆಮಿ 1955ರಲ್ಲಿ ಖಡಕ್ವಾಸ್ಲಾದಲ್ಲಿ ಉದ್ಘಾಟನೆಯಾದ ದಿನ, ಮೇಲೆ ಸಂಕ್ರಾಂತಿ. ಎಲ್ಲರೂ ಎಲ್ಲೆಲ್ಲೋ ಇರುತ್ತಾರೆ. ರೊಟ್ಟಿ, ಎಣ್ಣಿಗಾಯಿ, ಮೊಸರು ಸಾಕು. ಕುಂದಾ ಯಾರು ತರಬೇಕೆಂದು ಮೊದಲೇ ಹೇಳು. ಇಲ್ಲದಿದ್ದರೆ ಆರು ಡಬ್ಬಿ ಬರುತ್ತವೆ, ತಿನ್ನುವವರೆಲ್ಲ ಸಕ್ಕರೆ ಕಾಯಿಲೆಯವರು.

ಮಾತಾಡದೆ ಕೂತವರ ಹತ್ತಿರ ಯುದ್ಧದ ವಿಷಯ ತೆಗೆಯಬೇಡ, ಸೈಕಲ್ಲಿನ ವಿಷಯ ತೆಗಿ. ಶಿಕ್ಷೆಗೆ ಸೈಕಲ್ ಹೆಗಲ ಮೇಲೆ ಹೊತ್ತು ಓಡದ ಕೆಡೆಟ್ ನನಗಿನ್ನೂ ಸಿಕ್ಕಿಲ್ಲ.

ಕಡೆಯದಾಗಿ 43ನೇ ಪುಟ. ಈತ ನಾಲ್ಕನೇ ಟರ್ಮ್‌ನಲ್ಲಿ ಬೆನ್ನೆಲುಬು ಮುರಿದುಕೊಂಡು ಮನೆಗೆ ಬಂದವನು. ಪಾಸಾಗಿಲ್ಲವೆಂದು ಬಹಳ ವರ್ಷ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ, ಆ ತಪ್ಪಿನಲ್ಲಿ ನನ್ನದೂ ಪಾಲಿದೆ. ತರಬೇತಿಯಲ್ಲಿ ಪೆಟ್ಟಾಗಿ ಹೊರಬಿದ್ದ ಕೆಡೆಟ್‌ಗಳಿಗೂ ಇಸಿಎಚ್‌ಎಸ್ ಕೊಡುವ ತೀರ್ಮಾನ 2025ರಲ್ಲಿ ಆಯಿತು. ಅರ್ಜಿ ತುಂಬಿಸಲು ಹೋದಾಗ ಒಳಗಿನ ಕೋಣೆಯಿಂದ ಅಕಾಡೆಮಿಯ ಬ್ಲೇಜರ್ ತಂದು ತೋರಿಸಿದ. ಗುಂಡಿ ಒಂದೂ ಉದುರಿರಲಿಲ್ಲ. ಊಟಕ್ಕೆ ಇನ್ನೂ ಬಂದಿಲ್ಲ. ಫೋನು ಹಚ್ಚಿದರೆ ಮೊದಲ ಸಲ ಎತ್ತುವುದಿಲ್ಲ, ಸಂಜೆ ಏಳರ ಮೇಲೆ ಮತ್ತೊಮ್ಮೆ ಹಚ್ಚು. ಕರೆತರಲು ನಿನ್ನ ಕಾರನ್ನೇ ಒಯ್ಯಿ, ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಯಬೇಕು.