ವಿಜಯಪುರದಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ: ಬುಕ್ ಮಾಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಕ್ರೂಸ್ ಅಂದ ಕೂಡಲೇ ಎಲ್ಲರೂ ಮೊದಲು ಕೇಳೋದು ರೇಟು. ಅದನ್ನು ಆಮೇಲೆ ನೋಡೋಣ, ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಅಬ್ಬರ, ಲಕ್ಷದ್ವೀಪದ ಪ್ರವಾಸ ಆಗ ನಡೆಯುವುದಿಲ್ಲ. ಮಕ್ಕಳ ಬೇಸಿಗೆ ರಜೆ ಅಂತ ಮೇ ಕೊನೆಗೆ ಇಟ್ಟುಕೊಳ್ಳುವುದೂ ಬೇಡ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಜನವರಿ ಕೊನೆಗೋ ಫೆಬ್ರವರಿಗೋ ಹೊರಟರೆ ಸಮುದ್ರವೂ ಶಾಂತವಾಗಿರುತ್ತದೆ, ಬಿಸಿಲೂ ತಡೆಯುವಂತಿರುತ್ತದೆ.

ದಾರಿ ಎರಡಿವೆ. ಒಂದು, ಮುಂಬೈಯಿಂದ ದೊಡ್ಡ ಹಡಗು. 2021ರಿಂದ ಕಾರ್ಡೇಲಿಯಾ ಕಂಪನಿ ಅಲ್ಲಿಂದ ಓಡಿಸುತ್ತಿದೆ, ಸೀಸನ್ ನೋಡಿಕೊಂಡು ಗೋವಾ, ಕೊಚ್ಚಿ, ಲಕ್ಷದ್ವೀಪಕ್ಕೆ ಹೋಗುತ್ತದೆ. ಈಜುಕೊಳ, ನಾಟಕ, ಹಾಡು, ನಾಲ್ಕು ಥರದ ಊಟ ಎಲ್ಲ ಹಡಗಿನಲ್ಲೇ. ಇನ್ನೊಂದು, ಲಕ್ಷದ್ವೀಪ ಆಡಳಿತದವರೇ ಕೊಚ್ಚಿಯಿಂದ ನಡೆಸುವ 'ಸಮುದ್ರಂ' ಪ್ಯಾಕೇಜು. ಎಂ.ವಿ. ಕವರತ್ತಿ ಹಡಗಿನಲ್ಲಿ 5 ದಿನ. ರಾತ್ರಿ ಹಡಗಿನಲ್ಲಿ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಇರುವುದು. ನಿಮಗೆ ಹಡಗಿನ ಮೋಜು ಬೇಕೋ, ದ್ವೀಪ ನೋಡಬೇಕೋ, ಮನೆಯವರ ಜೊತೆ ಕೂತು ಇದನ್ನೇ ಮೊದಲು ತೀರ್ಮಾನಿಸಿ. ನನ್ನನ್ನು ಕೇಳಿದರೆ ದ್ವೀಪ ನೋಡುವ ಆಸೆ ಇದ್ದವರಿಗೆ ಕೊಚ್ಚಿಯ ದಾರಿಯೇ ಸರಿ.

ಎರಡಕ್ಕೂ ಪಾಸ್‌ಪೋರ್ಟ್ ಬೇಕಿಲ್ಲ, ಆದರೆ ಲಕ್ಷದ್ವೀಪಕ್ಕೆ ಪ್ರವೇಶ ಪರ್ಮಿಟ್ ಬೇಕೇ ಬೇಕು. ಬುಕಿಂಗ್ ಮಾಡಿಕೊಡುವವರೇ ಸಾಮಾನ್ಯವಾಗಿ ಮಾಡಿಸುತ್ತಾರೆ. ಆಧಾರ್‌ನಲ್ಲಿ ಹೆಸರು ಒಂದು ಥರ, ಟಿಕೆಟ್‌ನಲ್ಲಿ ಇನ್ನೊಂದು ಥರ ಇರದಂತೆ ನೋಡಿಕೊಳ್ಳಿ. ನಮ್ಮ ಕಡೆ ಅಡ್ಡಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋಗಿರುವುದು ಜಾಸ್ತಿ ಅಲ್ವಾ.

ಈಗ ರೇಟಿಗೆ ಬನ್ನಿ. ಜಾಹೀರಾತಿನಲ್ಲಿ ಇರುವುದು ಬಹುತೇಕ ಒಬ್ಬರ ದರ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸ್, ವೈಫೈ, ದ್ವೀಪ ಸುತ್ತಾಟ ಇವೆಲ್ಲ ಸೇರಿವೆಯೋ ಇಲ್ಲವೋ ಒಂದೊಂದಾಗಿ ಕೇಳಿ, ಬರಹದಲ್ಲಿ ತರಿಸಿಕೊಳ್ಳಿ. ಕೋಣೆಯ ವಿಷಯದಲ್ಲಿ, ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ. ಬಾಲ್ಕನಿ ದುಬಾರಿ. ಆದರೆ ವಾಂತಿ, ತಲೆಸುತ್ತು ಬರುವವರು ಇದ್ದರೆ ಬಾಲ್ಕನಿಗಿಂತ ಕೋಣೆ ಎಲ್ಲಿದೆ ಅನ್ನೋದು ಮುಖ್ಯ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೊನೆದಾಟ ಕಡಿಮೆ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ತಂದಿಟ್ಟುಕೊಳ್ಳಿ, ಅದನ್ನು ಹೊಟ್ಟೆ ತೊಳಸುವ ಮೊದಲೇ ತಗೋಬೇಕು, ಶುರುವಾದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ದಯವಿಟ್ಟು ಓದಿ. ಲಕ್ಷದ್ವೀಪದ ಸುತ್ತ ಹವಳದ ದಿಬ್ಬಗಳಿವೆ, ದೊಡ್ಡ ಹಡಗು ದಡದ ತನಕ ಬರುವುದಿಲ್ಲ. ಹೊರಗೆ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಅಲೆಗೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಅದು ಮೇಲೆ ಬಂದ ಕ್ಷಣ ನೋಡಿ ಕಾಲಿಡಬೇಕು, ಸಿಬ್ಬಂದಿ ಎರಡೂ ತೋಳು ಹಿಡಿದು ದಾಟಿಸುತ್ತಾರೆ. ಮಂಡಿ ನೋವಿರುವ ಅಮ್ಮನಿಗೆ, ಅತ್ತೆಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ. ಸೀರೆಗಿಂತ ಚೂಡಿದಾರ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಸಮುದ್ರ ಜೋರಾಗಿದ್ದರೆ ದ್ವೀಪಕ್ಕೆ ಇಳಿಸದೆಯೂ ಹೋಗಬಹುದು, ಅದಕ್ಕೂ ಮನಸ್ಸು ಸಿದ್ಧವಿರಲಿ. ಆರು ತಿಂಗಳು ತುಂಬದ ಕೂಸನ್ನೂ, 24 ವಾರ ದಾಟಿದ ಗರ್ಭಿಣಿಯರನ್ನೂ ಹೆಚ್ಚಿನ ಕ್ರೂಸ್ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಬಂದರಿಗೆ ಒಂದು ದಿನ ಮೊದಲೇ ಮುಟ್ಟಿ. ಸೋಲಾಪುರಕ್ಕೆ ಹೋಗಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಮುಂಬೈ ಸಿಎಸ್‌ಎಂಟಿ, ಅಲ್ಲಿಂದ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಹತ್ತಿರವೇ. ಹಾಗಂತ ಹಡಗು ಹೊರಡುವ ದಿನವೇ ಇಳಿಯುವ ಲೆಕ್ಕ ಹಾಕಬೇಡಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ದುಡ್ಡೂ ವಾಪಸ್ ಬರುವುದು ಕಷ್ಟ. ಕೊಚ್ಚಿಗೆ ಹೋಗುವವರಿಗೆ ಬೆಳಗಾವಿ ಮೇಲೆ ಪುಣೆ–ಎರ್ನಾಕುಲಂ ಪೂರ್ಣಾ ಎಕ್ಸ್‌ಪ್ರೆಸ್ ಇದೆ, ಆದರೆ ವಾರಕ್ಕೊಮ್ಮೆ ಮಾತ್ರ.

ದೊಡ್ಡ ಹಡಗಿನಲ್ಲಿ ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತೆಗೆದುಕೊಂಡು ಕೋಣೆಗೆ ಆಮೇಲೆ ತಲುಪಿಸುತ್ತಾರೆ. ಬಿಪಿ, ಶುಗರ್ ಮಾತ್ರೆ, ಆಧಾರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಊಟವನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ಎಲ್ಲ ಹಡಗು ಹತ್ತುವ ತನಕದ ದಾರಿಗೆ ಇಟ್ಟುಕೊಳ್ಳಿ. ಹಡಗು ದಡ ಬಿಟ್ಟ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ನಡುವೆ ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ಸಿಕ್ಕಾಪಟ್ಟೆ ಬರುತ್ತದೆ. ದ್ವೀಪದ ದಡದಲ್ಲಿ ಹವಳದ ಚೂರು ಎಷ್ಟೇ ಚೆಂದ ಕಂಡರೂ ಮಕ್ಕಳ ಜೇಬಿಗೆ ಸೇರದಂತೆ ನೋಡಿಕೊಳ್ಳಿ, ಅದನ್ನು ಒಯ್ಯುವುದು ಅಪರಾಧ.