ಬೆನ್ನ ಮೇಲೆ ಬಲೆಯಂಥ ಕಲೆ: ಕೀಟೋ ಊಟದಲ್ಲಿ ನನಗಾದ ತುರಿಕೆ

ತುರಿಕೆ ಮೊದಲು ಶುರುವಾಗಿದ್ದು ಕತ್ತಿನ ಹಿಂದೆ. 2024ರ ಫೆಬ್ರವರಿ, ಮೂರನೇ ವಾರ. ರಾತ್ರಿ ಮಲಗಿದರೆ ಸಾಕು, ಕತ್ತಿನ ಹಿಂಭಾಗ, ಎರಡು ಭುಜದ ನಡುವೆ, ಎದೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಕಡಿತ. ಕೆರೆದುಕೊಂಡರೆ ಉರಿ. ಬೆಳಗ್ಗೆ ಎದ್ದು ನೋಡಿದರೆ ನೈಟಿಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ.

ಆ ಬೇಸಿಗೆ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಕಷ್ಟ ಇತ್ತು ಅನ್ನೋದು ನಿಮಗೂ ನೆನಪಿರಬಹುದು. ರಾಜಾಜಿನಗರದ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಬತ್ತಿ, ಸಂಪಿಗೆ ಟ್ಯಾಂಕರ್ ನೀರು ತುಂಬಿಸುತ್ತಿದ್ದೆವು. ಹಾಗಾಗಿ ಮನೆಯಲ್ಲಿ ಎಲ್ಲರೂ ನೀರಿನ ಮೇಲೇ ಅನುಮಾನಪಟ್ಟರು. ನಾನೂ ಅದನ್ನೇ ನಂಬಿದೆ. ಎರಡು ವಾರ ನೀರು ಕುದಿಸಿ ಆರಿಸಿ ಸ್ನಾನ ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ. ಅದೇ ನೀರಿನಲ್ಲಿ ಸ್ನಾನ ಮಾಡುತ್ತಿದ್ದ ನಮ್ಮ ಯಜಮಾನರಿಗೆ, ಮಗಳಿಗೆ ಒಂದು ಗುಳ್ಳೆಯೂ ಇರಲಿಲ್ಲ. ಇದನ್ನು ನಾನು ಮೊದಲ ದಿನವೇ ಗಮನಿಸಬೇಕಿತ್ತು.

ಅಮ್ಮ ಮಂಡ್ಯ ಕಡೆಯವರು. ಬೆನ್ನು ನೋಡಿದವರೇ, “ಇದು ಪಿತ್ತದ ಗಂಧೆ ಕಣೆ” ಅಂದರು. ಕುಂಡದಲ್ಲಿದ್ದ ದೊಡ್ಡಪತ್ರೆ ಕಿತ್ತು ರಸ ಹಿಂಡಿ ಹಚ್ಚಿದರು, ಕಂಬಳಿ ಹೊದಿಸಿದರು. ಹಚ್ಚಿದಾಗ ತಂಪಾಗಿ ಹಿತ ಅನಿಸುತ್ತಿತ್ತು, ಅಷ್ಟೇ. ಪಿತ್ತದ ಗಂಧೆಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾಗಿದ್ದು ಆಮೇಲೆ. ಗಂಧೆಯ ಒಂದೊಂದು ದಡಿಕೆಯೂ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿದುಹೋಗುತ್ತದೆ, ಬೇರೆ ಕಡೆ ಏಳುತ್ತದೆ, ಕಲೆ ಉಳಿಸುವುದಿಲ್ಲ. ನನ್ನ ಗುಳ್ಳೆಗಳು ಎದ್ದ ಜಾಗದಲ್ಲೇ ದಿನಗಟ್ಟಲೆ ಕೂತವು. ಇಳಿದ ಕಡೆ ಕಂದು ಕಲೆ ಬಿಟ್ಟವು.

ಮೂರನೆಯದಾಗಿ ಮೆಡಿಕಲ್ ಸ್ಟೋರ್. ಕತ್ತಿನ ಹಿಂದೆ ತೋರಿಸಿದೆ. “ಹುಳುಕಡ್ಡಿ ಮೇಡಂ” ಅಂತ ಒಂದು ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ. ಆ ಟ್ಯೂಬಿನಲ್ಲಿ ಜೋರಾದ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಕಲಸಿದ್ದವು. ಮೊದಲ ನಾಲ್ಕು ದಿನ ತುರಿಕೆ ಸ್ವಲ್ಪ ತಗ್ಗಿತು. ಐದನೇ ದಿನ ಹೊಸ ಗುಳ್ಳೆ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಮ್ಮ ಆಫೀಸಿನಲ್ಲೇ ಮೂವರ ಬ್ಯಾಗಿನಲ್ಲಿ ಇಂಥದೇ ಟ್ಯೂಬ್ ಇದೆ. ಸ್ಟೀರಾಯ್ಡ್ ಕ್ರೀಮನ್ನು ಡಾಕ್ಟರ್ ಹೇಳದೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ನಿಜವಾಗಿ ಹುಳುಕಡ್ಡಿಯೇ ಇದ್ದರೂ ಅದರ ರೂಪ ಬದಲಾಗಿ, ಒಳಗೊಳಗೇ ಹರಡಿ, ಕಂಡುಹಿಡಿಯುವುದೇ ಕಷ್ಟ ಆಗುತ್ತದೆ. ದಯವಿಟ್ಟು ಸುಮ್ನೆ ಹಚ್ಚಬೇಡಿ.

ಆಮೇಲೆ ಒಬ್ಬ ಡಾಕ್ಟರ್ ಅಲರ್ಜಿ ಮಾತ್ರೆ ಕೊಟ್ಟರು. ನಿದ್ದೆ ಬಂತು, ತುರಿಕೆ ಹೋಗಲಿಲ್ಲ.

ಇಷ್ಟು ಜನರಲ್ಲಿ ಯಾರಿಗೂ ನಾನು ಹೇಳದೇ ಇದ್ದ ವಿಷಯ ಒಂದಿತ್ತು. ನನ್ನ ಊಟ. ಚರ್ಮಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆ. ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ, ಅದೇ ಎಚ್‌ಬಿಎ1ಸಿ, 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. ತೂಕ 78 ಕಿಲೋ. ಹೆದರಿದೆ. ಅವರೆಕಾಯಿ ಕಾಲ ಮುಗಿಯಲಿ ಅಂತ ಕಾದು, ಫೆಬ್ರವರಿ 1ಕ್ಕೆ ಕೀಟೋ ಶುರು ಮಾಡಿದೆ. ಅನ್ನ, ಮುದ್ದೆ, ಇಡ್ಲಿ, ಬೇಳೆ, ಹಣ್ಣು ಎಲ್ಲ ಬಂದ್. ಮೊಟ್ಟೆ, ಪನೀರ್, ಮಟನ್, ಬೆಣ್ಣೆ ಹಾಕಿದ ಸೊಪ್ಪಿನ ಪಲ್ಯ, ತೆಂಗಿನಕಾಯಿ ಚಟ್ನಿ, ಒಂದು ಹಿಡಿ ಕಡಲೆಕಾಯಿ. ದಿನಕ್ಕೆ ಕಾರ್ಬೋಹೈಡ್ರೇಟ್, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆಯ ಅಂಶ (ಚಿಕ್ಕದಾಗಿ ಕಾರ್ಬ್), 20 ಗ್ರಾಂ ದಾಟದ ಹಾಗೆ ನೋಡಿಕೊಂಡೆ. ಅಷ್ಟು ಕಡಿಮೆ ಮಾಡಿದರೆ ಲಿವರ್ ಕೊಬ್ಬನ್ನು ಒಡೆದು ಕೀಟೋನ್ ಅನ್ನೋ ವಸ್ತು ತಯಾರಿಸುತ್ತದೆ, ದೇಹ ಅದನ್ನೇ ಉರಿಸಿಕೊಂಡು ಓಡಾಡುತ್ತದೆ. ಆ ಸ್ಥಿತಿಗೇ ಕೀಟೋಸಿಸ್ ಅನ್ನೋದು. ತೂಕ ಇಳಿಯಿತು. ಮಾರ್ಚ್ ಮೊದಲ ವಾರಕ್ಕೆ 73.5. ಅದರ ಖುಷಿಯಲ್ಲಿ ತುರಿಕೆಯನ್ನು ಬೇರೆಯದೇ ತೊಂದರೆ ಅಂದುಕೊಂಡಿದ್ದೆ.

ಗುಟ್ಟು ಸಿಕ್ಕಿದ್ದು ತಂಗಿ ತೆಗೆದ ಫೋಟೋದಿಂದ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಅಲ್ವಾ? ಅವಳು ಬೆಳಗ್ಗೆ ಕಿಟಕಿಯ ಹತ್ತಿರ ನಿಲ್ಲಿಸಿ ಫೋಟೋ ತೆಗೆದಳು. “ಅಕ್ಕಾ, ಬೆನ್ನ ಮೇಲೆ ಯಾರೋ ಬಲೆ ಹಾಸಿದ ಹಾಗಿದೆ” ಅಂದಳು. ನಿಜ. ಬೆನ್ನುಮೂಳೆಯ ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ಥರ ಗುಳ್ಳೆ. ಹಳೆಯವು ಮಾಸಿದ ಕಡೆ ಕಂದು ಗೆರೆಗಳು ಒಂದಕ್ಕೊಂದು ಸೇರಿ ಬಲೆಯಾಗಿದ್ದವು. ನನ್ನದು ಎಣ್ಣೆಗಪ್ಪು ಬಣ್ಣ. “ಕೆಂಪು ದದ್ದು” ಅಂತ ಓದಿದಾಗಲೆಲ್ಲ ನನ್ನದು ಅದಲ್ಲ ಅಂದುಕೊಳ್ಳುತ್ತಿದ್ದೆ. ನಮ್ಮಂಥ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ. ನೇರಳೆ ಮಿಶ್ರಿತ ಕಂದಾಗಿ ಕಾಣುತ್ತದೆ. ಬೆರಳಿಗೆ ಮಾತ್ರ ಉಬ್ಬು ಸರಿಯಾಗಿ ತಾಗುತ್ತದೆ. ನಮ್ಮ ಬಣ್ಣದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಾರ್ಚ್ ಮಧ್ಯದಲ್ಲಿ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಆ ಮೇಡಂ ಬೆನ್ನು ನೋಡಿ ಮೊದಲು ಕೇಳಿದ್ದೇ, “ಏನಮ್ಮಾ, ಊಟದಲ್ಲಿ ಏನಾದ್ರೂ ಬದಲಾವಣೆ ಮಾಡಿದ್ದೀರಾ? ಉಪವಾಸ ಗಿಪವಾಸ?” ನಾನು ಹೇಳಿದೆ. ಅವರು ತಲೆ ಆಡಿಸಿದರು. ಹುಳುಕಡ್ಡಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಚರ್ಮದ ಹೊಟ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಫಂಗಸ್ ಇರಲಿಲ್ಲ. ಮೂತ್ರದಲ್ಲಿ ಕೀಟೋನ್ ಜಾಸ್ತಿ ಇತ್ತು. ಸಕ್ಕರೆಯನ್ನೂ ಪರೀಕ್ಷಿಸಿದರು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲೂ ಕೀಟೋನ್ ಏರುತ್ತದೆ, ಇದೇ ಗುಳ್ಳೆ ಬರಬಹುದು. ನನ್ನ ಸಕ್ಕರೆ ಗಾಬರಿಪಡುವಷ್ಟು ಇರಲಿಲ್ಲ.

ಇದಕ್ಕೆ ಪ್ರುರೈಗೋ ಪಿಗ್ಮೆಂಟೋಸಾ ಅಂತ ಹೆಸರು. ತುರಿಕೆಯ ಗುಳ್ಳೆ, ಬಣ್ಣದ ಕಲೆ, ಎರಡೂ ಹೆಸರಿನಲ್ಲೇ ಇವೆ. 1971ರಲ್ಲಿ ಜಪಾನಿನ ನಾಗಾಶಿಮಾ ಎಂಬ ಡಾಕ್ಟರ್ ಇದನ್ನು ಮೊದಲು ವಿವರಿಸಿದರು. ಬಿಳಿ ರಕ್ತಕಣಗಳು ಚರ್ಮದೊಳಗೆ ಬಂದು ಸೇರಿ ಉರಿಯೂತ ಮಾಡುತ್ತವೆ. ಕೀಟೋ ಊಟ, ಉದ್ದ ಉಪವಾಸ, ತೂಕ ಇಳಿಸುವ ಆಪರೇಷನ್, ಹೀಗೆ ದೇಹ ಕೀಟೋಸಿಸ್‌ಗೆ ಹೋಗುವ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೆವರು, ಬಟ್ಟೆಯ ಉಜ್ಜಾಟ ಅದನ್ನು ಕೆರಳಿಸುತ್ತವೆ. ಅಂಟುರೋಗ ಅಲ್ಲ. ಇದು ಗೊತ್ತಾದ ದಿನ ಮಗಳ ಪಕ್ಕ ಮಲಗಿದೆ. ಎರಡು ವಾರದಿಂದ ದೂರ ಮಲಗುತ್ತಿದ್ದೆ.

ಮೇಡಂ ಎರಡು ದಾರಿ ಹೇಳಿದರು. ಊಟಕ್ಕೆ ಅನ್ನ, ಮುದ್ದೆ ವಾಪಸ್ ತರುವುದು ಒಂದು. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಇನ್ನೊಂದು. ಎರಡರಲ್ಲೂ ಸರಿಹೋಗದಿದ್ದರೆ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡೋಣ ಅಂದರು. ನಾನು ಮೊದಲು ಊಟ ಬದಲಾಯಿಸಿ ಹತ್ತು ದಿನ ನೋಡುತ್ತೇನೆ ಅಂದೆ. ಒಪ್ಪಿದರು.

ನನ್ನ ಕೆಲಸ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವುದು. ಹಾಗಾಗಿ ಇದನ್ನೂ ಲೆಕ್ಕದ ಹಾಗೆ ಮಾಡಿದೆ. ಒಂದು ನೋಟ್‌ಬುಕ್. ದಿನಕ್ಕೆ ಒಂದು ಸಾಲು. ತಿಂದ ಕಾರ್ಬ್ ಎಷ್ಟು ಗ್ರಾಂ, ಮೂತ್ರದಲ್ಲಿ ಕೀಟೋನ್ ಇದ್ದರೆ ಗುಲಾಬಿಯಾಗುವ ಪರೀಕ್ಷೆ ಪಟ್ಟಿಯ ಬಣ್ಣ, ರಾತ್ರಿಯ ತುರಿಕೆಗೆ ಹತ್ತಕ್ಕೆ ಎಷ್ಟು ಅಂಕ, ಹೊಸ ಗುಳ್ಳೆ ಇದೆಯೋ ಇಲ್ಲವೋ. ಪ್ರತಿ ಭಾನುವಾರ ಬೆಳಗ್ಗೆ ಅದೇ ಕಿಟಕಿ, ಅದೇ ಹೊತ್ತು, ತಂಗಿಯ ಫೋನಿನಲ್ಲಿ ಬೆನ್ನಿನ ಫೋಟೋ. ಬೆಳಕು ಬದಲಾದರೆ ಕಲೆ ಜಾಸ್ತಿಯಾಯಿತೋ ಕಡಿಮೆಯಾಯಿತೋ ಗೊತ್ತಾಗುವುದಿಲ್ಲ. ಅದಕ್ಕೇ ಒಂದೇ ಜಾಗ.

ಗ್ರಾಂ ಲೆಕ್ಕಕ್ಕೆ ಅಡುಗೆಮನೆಯ ಸಣ್ಣ ತಕ್ಕಡಿ ಸಾಕಾಯಿತು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ ಸುಮಾರು 70 ಗ್ರಾಂ. 100 ಗ್ರಾಂ ಅಕ್ಕಿಯಲ್ಲಿ 80ರ ಹತ್ತಿರ. ನಾನು 40 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ ಕಟ್ಟಿದೆ. ಅದರಲ್ಲಿ 28 ಗ್ರಾಂ ಆಯಿತು. ರಾತ್ರಿಗೆ 25 ಗ್ರಾಂ ಅಕ್ಕಿಯ ಅನ್ನ, ಮಜ್ಜಿಗೆ. ತರಕಾರಿ, ಕಡಲೆಕಾಯಿ ಎಲ್ಲ ಸೇರಿ ದಿನಕ್ಕೆ 65 ಗ್ರಾಂ. ಮಾರ್ಚ್ 18ರ ಸೋಮವಾರ ಮಧ್ಯಾಹ್ನ, ಏಳು ವಾರದ ನಂತರ ಬಸ್ಸಾರಿನ ಜೊತೆ ಆ ಮುದ್ದೆ ನುಂಗಿದ್ದು ಇನ್ನೂ ಬಾಯಲ್ಲಿದೆ.

ನೋಟ್‌ಬುಕ್ ಹೇಳಿದ್ದು ಹೀಗೆ. ಮೊದಲ ಎರಡು ದಿನ ಏನೂ ಬದಲಾವಣೆ ಇಲ್ಲ, ಪಟ್ಟಿ ಇನ್ನೂ ಗುಲಾಬಿ. ಮೂರನೇ ದಿನ ಬಣ್ಣ ತಿಳಿಯಾಯಿತು. ನಾಲ್ಕನೇ ರಾತ್ರಿ ತುರಿಕೆ ಎಂಟರಿಂದ ಐದಕ್ಕೆ ಇಳಿಯಿತು. ಆರನೇ ದಿನದಿಂದ ಹೊಸ ಗುಳ್ಳೆ ಒಂದೂ ಇಲ್ಲ. ಆದರೆ ಐದಕ್ಕೆ ಬಂದು ಅಲ್ಲೇ ನಿಂತಿತು. ಹಳೆಯ ಗುಳ್ಳೆಗಳು ಆರಲಿಲ್ಲ. ಹತ್ತು ದಿನ ಆದ ಮೇಲೆ ಮೇಡಂ ಎರಡು ವಾರಕ್ಕೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಇಲ್ಲಿ ಆ ಮಾತ್ರೆ ಕೊಡುವುದು ಸೋಂಕು ಕೊಲ್ಲಲು ಅಲ್ಲ, ಬಿಳಿ ಕಣಗಳ ಉರಿಯೂತ ತಗ್ಗಿಸಲು. ಮಾತ್ರೆಯನ್ನು ಒಂದು ಲೋಟ ತುಂಬ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ಜೊತೆಗೆ ತಗೋಬಾರದು. ಬಸುರಿಯರಿಗೆ ಇದು ಆಗುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಅದೂ ಎಂಥ ಬಿಸಿಲು! ಬೆಂಗಳೂರು 38 ಡಿಗ್ರಿ ದಾಟಿದ ಏಪ್ರಿಲ್ ಅದು. ಮೆಟ್ರೋ ಸ್ಟೇಷನ್ನಿಗೆ ನಡೆಯುವಾಗ ಕೊಡೆ ಹಿಡಿದೇ ಹೋಗುತ್ತಿದ್ದೆ. ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ಅಷ್ಟು ಹೊತ್ತಿಗೆ ನೋಟ್‌ಬುಕ್ಕಿನ ತುರಿಕೆ ಅಂಕಣದಲ್ಲಿ ಸೊನ್ನೆ. ಅವತ್ತು ಒಂದು ಹೋಳಿಗೆ ತಿಂದೆ, ತೂಕ ಮಾಡಲಿಲ್ಲ.

ಮಾತ್ರೆಯನ್ನು ಮಾತ್ರ ನೀವೇ ಕೊಂಡು ನುಂಗಬೇಡಿ. ನನ್ನ ಮೆಡಿಕಲ್ ಸ್ಟೋರ್ ಕಥೆ ಓದಿದ್ದೀರಲ್ಲ. ಇನ್ನೊಂದು ವಿಷಯ. ಕೀಟೋ ಊಟ ಹುಟ್ಟಿದ್ದು ತೂಕ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರಸೆಲ್ ವೈಲ್ಡರ್ ಎಂಬ ಡಾಕ್ಟರ್ ಮೂರ್ಛೆರೋಗಕ್ಕೆ ಇದನ್ನು ಸೂಚಿಸಿದರು. ಇಂದಿಗೂ ಮಾತ್ರೆಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಕೊಡುತ್ತಾರೆ. ಅಂಥ ಮಗುವಿಗೆ ಗುಳ್ಳೆ ಬಂದರೆ ಮನೆಯಲ್ಲೇ ಅನ್ನ ತಿನ್ನಿಸಿ ನೋಡಬೇಡಿ, ಫಿಟ್ಸ್ ಮರುಕಳಿಸಬಹುದು. ಮೊದಲು ಡಾಕ್ಟರಿಗೆ ಫೋನ್ ಮಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರೂ ಅಷ್ಟೇ. ಕೇಳದೆ ಊಟ ಬದಲಾಯಿಸಬಾರದು.

ಕಲೆಗಳಿಗೆ ತಾಳ್ಮೆ ಬೇಕಾಯಿತು. ಅಮ್ಮ ಸೀಗೆಪುಡಿ ಹಾಕಿ ತಿಕ್ಕಿದರೆ ಹೋಗುತ್ತೆ ಅಂದರು. ತಿಕ್ಕಿದರೆ ಇನ್ನೂ ಕಪ್ಪಾಗುತ್ತದೆ, ಬೇಡ ಅಂತ ಮೇಡಂ ಹೇಳಿದ್ದರು. ಬೆನ್ನುಜ್ಜುವ ನಾರನ್ನು ಎತ್ತಿಟ್ಟೆ. ಬಿಗಿಯಾದ ಬಟ್ಟೆ ಬಿಟ್ಟು ಸಡಿಲವಾದ ಹತ್ತಿ ಕುರ್ತಾ ಹಾಕಿದೆ. ಬೆವರಿದ ತಕ್ಷಣ ಬಟ್ಟೆ ಬದಲಾಯಿಸಿದೆ. ಸ್ನಾನ ಆದ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ. ಭಾನುವಾರದ ಫೋಟೋಗಳನ್ನು ಸಾಲಾಗಿ ಇಟ್ಟರೆ ಜೂನ್ ಹೊತ್ತಿಗೆ ಬಲೆಯ ಅಂಚು ಮಾಸಿದೆ, ಗಣೇಶನ ಹಬ್ಬಕ್ಕೆ ನಡುಭಾಗ ತಿಳಿಯಾಗಿದೆ, ದೀಪಾವಳಿಗೆ ಹುಡುಕಿದರೆ ಮಾತ್ರ ಕಾಣುತ್ತದೆ. ಕೂದಲೂ ಮೇ ತಿಂಗಳಲ್ಲಿ ಕೈತುಂಬ ಉದುರಿತು. ಬೇಗ ತೂಕ ಇಳಿದ ಎರಡು ಮೂರು ತಿಂಗಳಿಗೆ ಹೀಗಾಗುವುದು ಸಾಮಾನ್ಯ. ತಾನಾಗಿ ನಿಂತಿತು.

ಈಗ ನಾನು ದಿನಕ್ಕೆ 100 ಗ್ರಾಂ ಕಾರ್ಬ್ ಹತ್ತಿರ ಇದ್ದೇನೆ. ಎರಡು ಮುದ್ದೆ, ಸ್ವಲ್ಪ ಅನ್ನ, ಕಾಳು, ಸೊಪ್ಪು. ಮುದ್ದೆ ಶುರು ಮಾಡಿದ ಮೊದಲ ವಾರ ತೂಕ ಒಂದೂವರೆ ಕಿಲೋ ಏರಿ ಮನಸ್ಸು ಕುಗ್ಗಿತ್ತು. ಕಾರ್ಬ್ ಬಂದಾಗ ದೇಹ ಅದನ್ನು ಗ್ಲೈಕೋಜನ್ ಅನ್ನೋ ರೂಪದಲ್ಲಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ಏರಿದ್ದು ಬಹುಪಾಲು ಆ ನೀರು. ಆಮೇಲೆ ನಿಧಾನಕ್ಕೆ 72ಕ್ಕೆ ಇಳಿದೆ. ಆಗಸ್ಟ್‌ನಲ್ಲಿ ಸಕ್ಕರೆಯ ಸರಾಸರಿ 5.8.

ಅದೇ ಆಗಸ್ಟ್ ಕೊನೆಗೆ ಜ್ವರ ಬಂತು. ನಾಲ್ಕು ದಿನ ಬಾಯಿಗೆ ಏನೂ ಸೇರಲಿಲ್ಲ, ಬರೀ ನೀರು, ಸಕ್ಕರೆ ಇಲ್ಲದ ಕಷಾಯ. ಐದನೇ ದಿನ ಬೆಳಗಿನ ಜಾವ ಕತ್ತಿನ ಹಿಂದೆ, ಸರಿಯಾಗಿ ಹಳೆಯ ಜಾಗದಲ್ಲೇ ಆ ಸೂಜಿ ಚುಚ್ಚು. ಉಳಿದಿದ್ದ ಮೂತ್ರದ ಪಟ್ಟಿ ಹುಡುಕಿ ತೆಗೆದೆ. ಗುಲಾಬಿ. ಕೀಟೋ ಮಾಡದಿದ್ದರೂ ಹೊಟ್ಟೆ ಖಾಲಿ ಇದ್ದಿದ್ದಕ್ಕೆ ದೇಹ ಅಲ್ಲಿಗೇ ಹೋಗಿತ್ತು. ಅಮ್ಮನನ್ನು ಎಬ್ಬಿಸಿ, “ಅಮ್ಮಾ, ದೊಡ್ಡಪತ್ರೆ ಬೇಡ, ಅಕ್ಕಿ ಗಂಜಿ ಮಾಡಿಕೊಡು” ಅಂದೆ. ಉಪ್ಪು, ಮಜ್ಜಿಗೆ ಹಾಕಿ ಕೊಟ್ಟರು. ಎರಡೆರಡು ಗಂಟೆಗೆ ಅರ್ಧ ಲೋಟ ಕುಡಿದೆ. ಮೂರು ಗುಳ್ಳೆ ಎದ್ದಿದ್ದವು, ನಾಲ್ಕನೆಯದು ಬರಲಿಲ್ಲ. ಆ ಭಾನುವಾರವೂ ತಂಗಿ ಬಂದು ಕಿಟಕಿಯ ಹತ್ತಿರ ನಿಲ್ಲಿಸಿ ಫೋಟೋ ತೆಗೆದಳು.