ಜೆಟ್ ಎಂಜಿನ್ ಪೇಟೆಂಟ್ ಜಗಳ: ಮೇಲ್ಮನವಿ ತೀರ್ಪು ಓದುವುದು ಹೇಗೆ?

ಗೇರ್ ಇರುವ ಟರ್ಬೋಫ್ಯಾನ್ ಎಂಜಿನ್‌ನಲ್ಲಿ ಮುಂದಿನ ದೊಡ್ಡ ಫ್ಯಾನ್ ಅದನ್ನು ಓಡಿಸುವ ಟರ್ಬೈನಿಗಿಂತ ನಿಧಾನಕ್ಕೆ ತಿರುಗುತ್ತದೆ, ಹಾಗಾಗಿ ಸದ್ದು ಕಡಿಮೆ. ಇಂಥ ಎಂಜಿನ್‌ಗೆ ರೇಥಿಯಾನ್ ಕಂಪನಿ ಪಡೆದ ಒಂದು ಪೇಟೆಂಟ್ ಮೇಲೆ ಅದೂ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯೂ ಅಮೆರಿಕದಲ್ಲಿ ಜಗಳಕ್ಕೆ ಬಿದ್ದವು. ಜಿಇ ಕೇಳಿದಂತೆ ಪೇಟೆಂಟ್ ಮಂಡಳಿ ಆ ಪೇಟೆಂಟ್‌ನ ಕೆಲವು ಕ್ಲೇಮ್‌ಗಳನ್ನು, ಅಂದರೆ ಹಕ್ಕು ಯಾವುದಕ್ಕೆ ಅಂತ ಹೇಳುವ ವಾಕ್ಯಗಳನ್ನು, ತಳ್ಳಿಹಾಕಿತು, ರೇಥಿಯಾನ್ ಮೇಲ್ಮನವಿ ಹಾಕಿತು, 2021ರ ಏಪ್ರಿಲ್‌ನಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟ್ ತೀರ್ಪು ಕೊಟ್ಟಿತು. ಇಂಥ ತೀರ್ಪನ್ನು ಎಂಜಿನಿಯರ್‌ಗಳೂ ತಪ್ಪಾಗಿ ಓದುವುದನ್ನು ನೋಡಿದ್ದೇನೆ, ಅದಕ್ಕೇ ಇದು.

1. ತೀರ್ಪನ್ನು ಕೋರ್ಟ್‌ನ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಪುಕ್ಕಟೆ ಸಿಗುತ್ತದೆ.

2. ಮೊದಲು ಕೊನೆಯ ಪುಟ ನೋಡಿ. ಇಲ್ಲಿ ಇರುವುದು 'ರಿವರ್ಸ್ಡ್', ಅಂದರೆ ಮಂಡಳಿಯ ತೀರ್ಮಾನ ತಿರುಗುಮುರುಗಾಯಿತು.

3. ಈಗ ಕ್ಲೇಮ್. ಎಡವುವುದು ಇಲ್ಲೇ. ಪೇಟೆಂಟ್‌ನ ಚಿತ್ರ, ಸಾರಾಂಶ ನೋಡಿ 'ಗೇರ್ ಎಂಜಿನ್ನೇ ಇವರದ್ದಂತೆ' ಅಂದುಬಿಡುತ್ತಾರೆ. ಹಾಗಲ್ಲ. ಹಕ್ಕು ಇರುವುದು ಕ್ಲೇಮ್‌ನಲ್ಲಿ ಬರೆದ ಷರತ್ತುಗಳೆಲ್ಲವೂ ಒಟ್ಟಿಗೆ ಇರುವ ಎಂಜಿನ್‌ಗೆ ಮಾತ್ರ. ಒಂದು ಹಾಳೆ ತಗೊಂಡು ಪ್ರತಿ ಷರತ್ತನ್ನೂ ಬೇರೆ ಬೇರೆ ಸಾಲಲ್ಲಿ ಬರೆಯಿರಿ: ಗೇರ್, ಎರಡು ಹಂತದ ಹೈ ಪ್ರೆಶರ್ ಟರ್ಬೈನ್, ಟೇಕಾಫ್ ಹೊತ್ತಿನ ಪವರ್ ಡೆನ್ಸಿಟಿ (ಎಂಜಿನ್ ಕೊಡುವ ನೂಕುಬಲವನ್ನು ಟರ್ಬೈನ್ ಭಾಗದ ಗಾತ್ರದಿಂದ ಭಾಗಿಸಿದ್ದು) ಘನ ಇಂಚಿಗೆ 1.5ರಿಂದ 5.5 ಪೌಂಡ್ ಹೀಗೆ. ಜಗಳ ನಿಂತಿದ್ದು ಆ ಕೊನೆಯ ಅಂಕಿಯ ಮೇಲೆ. ಕೈಯಲ್ಲೇ ಬರೆಯಿರಿ, ಎಐ ಕೊಡುವ ಸಾರಾಂಶ ಮೊದಲು ನುಂಗುವುದೇ ಇಂಥ ಅಂಕಿಗಳನ್ನು.

4. ಪಕ್ಕದ ಕಾಲಂನಲ್ಲಿ, 'ಇದು ಪರಿಣತರಿಗೆ ಮೊದಲೇ ಹೊಳೆಯುವಂಥದ್ದು' ಅಂತ ಎದುರಾಳಿ ತೋರಿಸಿದ ಹಳೆಯ ದಾಖಲೆ ಬರೆಯಿರಿ. ಜಿಇ ತಂದಿದ್ದು 1987ರ ನಾಸಾ ವರದಿ. ಅದರಲ್ಲಿದ್ದ ಎಂಜಿನ್ ಲೆಕ್ಕ ಹಾಕಿದರೆ ಪವರ್ ಡೆನ್ಸಿಟಿ ಕ್ಲೇಮ್‌ನ ಅಂಕಿಗೆ ಸರಿಹೊಂದುತ್ತಿತ್ತು. ಇಷ್ಟಕ್ಕೇ ನಿಲ್ಲಿಸಬೇಡಿ, ಪೇಟೆಂಟ್ ಅರ್ಜಿ ಹಾಕಿದ ಹೊತ್ತಿಗೆ ಅದನ್ನು ಯಾರಾದರೂ ಕಟ್ಟಬಹುದಿತ್ತಾ ಅಂತ ಕೇಳಿ. ಆ ವರದಿ ಮುಂದೆಂದೋ ಬರಬಹುದಾದ ಕಾಂಪೋಸಿಟ್ (ಹಲವು ವಸ್ತು ಸೇರಿಸಿ ಮಾಡಿದ) ವಸ್ತುಗಳನ್ನು ಊಹಿಸಿಕೊಂಡು ಬರೆದದ್ದು. ರೇಥಿಯಾನ್ ಹಿಡಿದಿದ್ದು ಇದನ್ನೇ, ಕೋರ್ಟ್ ಒಪ್ಪಿದ್ದೂ ಇದನ್ನೇ: ಕ್ಲೇಮ್‌ನಲ್ಲಿರುವ ಎಂಜಿನ್ನನ್ನು ಆ ಕಾಲದ ಪರಿಣತ ಎಂಜಿನಿಯರ್ ಮಾಡಬಲ್ಲವನಾಗಿದ್ದ ಅಂತ ಜಿಇ ತೋರಿಸಲಿಲ್ಲ. ಕಾಗದದ ಮೇಲಿನ ಆಸೆಯನ್ನು ಮುಂದಿಟ್ಟು ಇನ್ನೊಬ್ಬರ ಪೇಟೆಂಟ್ ಕಿತ್ತುಕೊಳ್ಳಲಾಗದು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಪು.

5. ಗೆಲುವನ್ನು ಸುಮ್ನೆ ಹಿಗ್ಗಿಸಬೇಡಿ. ಯಾರ ಎಂಜಿನ್ ಒಳ್ಳೆಯದು, ಯಾರದ್ದು ಸದ್ದು ಕಡಿಮೆ ಅಂತ ಕೋರ್ಟ್ ಹೇಳಿಲ್ಲ. ಜಿಇ ತಂದ ಪುರಾವೆ ಸಾಲದು ಅಂದಿತು, ಅಷ್ಟೇ.